ಹ್ಯಾಂಡ್ ಕೊಟ್ಟರೆ ನೆರವು, ಕೈ ಕೊಟ್ಟರೆ ಮೋಸ

ಲಂಚ ಪಡೆಯುವಾಗ ಲೋಕಾಯುಕ್ತದ ಬಲೆಗೆ ಬಿದ್ದ ನೌಕರನಿಗೆ ಸ್ಥಳದಲ್ಲೇ ಕೈ ತೊಳೆಸುತ್ತಾರೆ. ದೂರುದಾರನ ಹತ್ತಿರ ಕೊಟ್ಟು ಕಳಿಸಿದ ನೋಟುಗಳಿಗೆ ಪೊಲೀಸರು ಮೊದಲೇ ಫಿನಾಲ್ಫ್ಥಲೀನ್ ಎಂಬ ಬಿಳಿ ಪುಡಿ ಸವರಿರುತ್ತಾರೆ. ನೋಟಿನ ಮೇಲೆ ಅದು ಕಣ್ಣಿಗೆ ಬೀಳುವುದಿಲ್ಲ, ಮುಟ್ಟಿದವನ ಬೆರಳಿಗೆ ಮಾತ್ರ ಅಂಟಿಕೊಳ್ಳುತ್ತದೆ. ಆಮೇಲೆ ಪಂಚರ ಎದುರು ಗಾಜಿನ ಬಟ್ಟಲಲ್ಲಿ ವಾಷಿಂಗ್ ಸೋಡಾ, ಅಂದರೆ ಸೋಡಿಯಂ ಕಾರ್ಬೊನೇಟ್ ಕರಗಿಸಿದ ನೀರು ಇಟ್ಟು ಬೆರಳು ಅದ್ದಲು ಹೇಳುತ್ತಾರೆ. ಬಣ್ಣವಿಲ್ಲದ ನೀರು ನೋಡುನೋಡುತ್ತಲೇ ಗುಲಾಬಿಯಾಗುತ್ತದೆ. ಬಲಗೈ ತೊಳೆದ ನೀರು ಒಂದು ಬಾಟಲಿಗೆ, ಎಡಗೈ ತೊಳೆದದ್ದು ಇನ್ನೊಂದಕ್ಕೆ. ಮೇಲೆ ಅರಗು, ಮೊಹರು, ಸಹಿ. ಅಲ್ಲಿಂದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ. ಮರುದಿನ ಪತ್ರಿಕೆಯಲ್ಲಿ ಬರುವ ಸಾಲು ನಮಗೆಲ್ಲ ಬಾಯಿಪಾಠ: ‘ಲಂಚ ಸ್ವೀಕರಿಸುತ್ತಿದ್ದಾಗ ರೆಡ್‌ಹ್ಯಾಂಡ್ ಆಗಿ ಸಿಕ್ಕಿಬಿದ್ದಿದ್ದಾರೆ.’

ಈ ‘ರೆಡ್‌ಹ್ಯಾಂಡ್’ ಸೋಡಾ ನೀರಿಗಿಂತ ಬಹಳ ಹಳೆಯದು. ಹದಿನೈದನೇ ಶತಮಾನದ ಸ್ಕಾಟ್ಲೆಂಡಿನ ಕಾನೂನಿನಲ್ಲಿ ಆ ಮಾತು ಸಿಗುತ್ತದೆ. ಕೊಲೆ ಮಾಡಿದವನು ಕೈಗೆ ಮೆತ್ತಿದ ರಕ್ತ ಆರುವ ಮುಂಚೆ ಸಿಕ್ಕರೆ ಅವನು ಕೆಂಪು ಕೈಯವನು. ಅಂಥವನ ವಿಚಾರಣೆಗೆ ಹೆಚ್ಚು ಹೊತ್ತು ಹಿಡಿಯುತ್ತಿರಲಿಲ್ಲ. ಅದೇ ನಾಡಿನ ಕಾದಂಬರಿಕಾರ ವಾಲ್ಟರ್ ಸ್ಕಾಟ್ 1819ರ ಕೊನೆಗೆ ಹೊರಬಂದ ‘ಐವನ್‌ಹೋ’ದಲ್ಲಿ ಆ ಮಾತು ಬಳಸಿದ, ಇಂಗ್ಲಿಷ್ ಓದುವ ಲೋಕಕ್ಕೆಲ್ಲ ಅದು ಹಬ್ಬಿತು. ಕೊಲೆ ಹೋಗಿ ಕಳ್ಳತನವಾಯಿತು, ಕಳ್ಳತನ ಹೋಗಿ ಲಂಚವಾಯಿತು. ಯಾರ ಕೈಯೂ ಕೆಂಪಾಗಿರಬೇಕಾದ ಅಗತ್ಯ ಉಳಿಯಲಿಲ್ಲ. ಆದರೆ ನಮ್ಮ ತಾಲ್ಲೂಕು ಕಚೇರಿಗಳಲ್ಲಿ, ರಸಾಯನಶಾಸ್ತ್ರದ ಕೃಪೆಯಿಂದ, ಸ್ಕಾಟ್ಲೆಂಡಿನ ಮಾತು ಮತ್ತೆ ಅಕ್ಷರಶಃ ನಿಜವಾಗಿದೆ.

ನಾನು ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಒಂದು ಕಾರಣವಿದೆ. ಸ್ಪೋಕನ್ ಇಂಗ್ಲಿಷ್ ತರಗತಿಗಳಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಲ್ಲಿ ನುಡಿಗಟ್ಟುಗಳ ಪಟ್ಟಿ ಇರುತ್ತದೆ. ‘ಹ್ಯಾಂಡ್’ ಎಂಬ ಒಂದು ಪದಕ್ಕೇ ಎರಡು ಮೂರು ಪುಟ. ಎಡಗಡೆ ಇಂಗ್ಲಿಷ್, ಬಲಗಡೆ ಅರ್ಥ, ನಡುವೆ ಒಂದು ಗೆರೆ. ಹುಡುಗರು ಮಗ್ಗಿಯ ಹಾಗೆ ಉರುಹೊಡೆಯುತ್ತಾರೆ, ಪರೀಕ್ಷೆ ಮುಗಿದ ವಾರಕ್ಕೆ ಮರೆಯುತ್ತಾರೆ. ಮರೆಯದೆ ಏನು ಮಾಡಿಯಾರು? ಆ ಮಾತುಗಳಲ್ಲಿ ಒಂದೊಂದೂ ಒಂದೊಂದು ಕೆಲಸದ ಜಾಗದಿಂದ ಬಂದದ್ದು. ಕುದುರೆ ಲಾಯ, ಹಡಗಿನ ಅಟ್ಟ, ಹತ್ತಿ ಗಿರಣಿ, ಇಸ್ಪೀಟಿನ ಮೇಜು, ನ್ಯಾಯಾಲಯ. ಆ ಜಾಗ ತೋರಿಸದೆ ಅರ್ಥವನ್ನಷ್ಟೇ ಕೊಟ್ಟರೆ ನೆನಪಿನಲ್ಲಿ ನಿಲ್ಲುವುದಕ್ಕೆ ಏನೂ ಉಳಿಯುವುದಿಲ್ಲ.

ಪದ ಮಾತ್ರ ಬಹಳ ಸರಳ. ಸಾವಿರ ವರ್ಷದ ಹಿಂದಿನ ಹಳೆಯ ಇಂಗ್ಲಿಷಿನಲ್ಲೂ ಅದು ‘ಹ್ಯಾಂಡ್’ ಎಂದೇ ಇತ್ತು. ಜರ್ಮನ್, ಡಚ್, ಸ್ವೀಡಿಷ್ ಎಲ್ಲದರಲ್ಲೂ ಹೆಚ್ಚು ಕಡಿಮೆ ಅದೇ. ನಮ್ಮ ‘ಹಸ್ತ’ದ ಹಾಗೆ ಕೇಳಿಸುತ್ತದೆಂದು ಇಬ್ಬರೂ ಒಂದೇ ಮನೆಯವರೆಂದು ಹೇಳುವವರಿದ್ದಾರೆ, ಭಾಷಾವಿಜ್ಞಾನಿಗಳು ಅದನ್ನು ಒಪ್ಪುವುದಿಲ್ಲ. ಲ್ಯಾಟಿನ್ನಿನಲ್ಲಿ ಕೈಗೆ ‘ಮಾನುಸ್’, ಗ್ರೀಕಿನಲ್ಲಿ ‘ಖೀರ್’. ಈ ಎರಡೂ ಇಂಗ್ಲಿಷಿನೊಳಗೆ ವೇಷ ಮರೆಸಿಕೊಂಡು ಸೇರಿಕೊಂಡಿವೆ. ‘ಮ್ಯಾನುಯಲ್’ ಎಂದರೆ ಕೈಯದು, ನಮ್ಮ ಕೈಪಿಡಿ. ‘ಮ್ಯಾನುಫ್ಯಾಕ್ಚರ್’ ಎಂದರೆ ಕೈಯಿಂದ ಮಾಡಿದ್ದು. ಈಗ ಕೈ ಸೋಕದೆ ಯಂತ್ರದಲ್ಲಿ ಆದದ್ದಕ್ಕೇ ಆ ಹೆಸರು. ನಕ್ಕು ಪ್ರಯೋಜನವಿಲ್ಲ, ನಮ್ಮ ‘ಕೈಗಾರಿಕೆ’ಯದೂ ಅದೇ ಕಥೆ. ‘ಮೆನ್ಯೂರ್’, ಅಂದರೆ ಗೊಬ್ಬರ, ಮೂಲದಲ್ಲಿ ಕೈಯಾರೆ ನೆಲ ಹದಮಾಡುವ ಕೆಲಸಕ್ಕಿದ್ದ ಫ್ರೆಂಚ್ ಪದ. ಸೇನಾಪತಿಗಳ ‘ಮನೂವರ್’ ಕೂಡ ಅದೇ ಫ್ರೆಂಚ್ ಪದದ ಇನ್ನೊಂದು ಮಗು. ಗೊಬ್ಬರವೂ ಸೇನಾ ಕಾರ್ಯಾಚರಣೆಯೂ ಒಡಹುಟ್ಟಿದವು.

ಇನ್ನು ‘ಮ್ಯಾನೇಜ್‌ಮೆಂಟ್’. ಇದು ಇಟಾಲಿಯನ್ ಭಾಷೆಯ ‘ಮನೆಜಿಯಾರೆ’ಯಿಂದ ಬಂತು. ಕುದುರೆಯನ್ನು ಕೈಯಲ್ಲಿ ಹಿಡಿದು ಪಳಗಿಸುವ ಕೆಲಸಕ್ಕೆ ಆ ಹೆಸರು. ಎಂಬಿಎ ಓದಿದ ಮ್ಯಾನೇಜರ್ ತನ್ನ ಕೈಕೆಳಗಿನವರ ಬಾಯಿಗೆ ಕಡಿವಾಣ ಹಾಕಲು ನೋಡಿದರೆ ಅದು ಪದದ ಮೂಲಕ್ಕೆ ನಿಷ್ಠೆ ಎಂದು ಭಾವಿಸಬೇಕು. ಗ್ರೀಕಿನ ‘ಖೀರ್’ ಅಡಗಿರುವುದು ‘ಸರ್ಜರಿ’ಯಲ್ಲಿ. ಆ ಪದದ ಅರ್ಥ ಕೈಕೆಲಸ, ಅಷ್ಟೇ. ಔಷಧ ಕೊಡುವ ವೈದ್ಯ ಬೇರೆ, ಕೈಯಿಂದ ಕೊಯ್ದು ಹೊಲಿಯುವವನು ಬೇರೆ ಎಂಬ ಹಳೆಯ ಭೇದ ಅದರಲ್ಲಿದೆ. ‘ಆ ಡಾಕ್ಟರ ಕೈಗುಣ ಚೆನ್ನಾಗಿದೆ’ ಎನ್ನುವ ನಮ್ಮ ಅಜ್ಜಿಯಂದಿರ ಮಾತನ್ನು ಗ್ರೀಕರು ಕೇಳಿದ್ದರೆ ತಕ್ಷಣ ತಲೆದೂಗುತ್ತಿದ್ದರು.

ಕುದುರೆಯ ವಿಷಯ ಬಂದದ್ದರಿಂದ ಲಾಯದ ಒಳಗೇ ಹೋಗೋಣ. ಕುದುರೆಯ ಎತ್ತರವನ್ನು ಇಂಗ್ಲಿಷ್ ಲೋಕದಲ್ಲಿ ಈಗಲೂ ಅಡಿಯಲ್ಲಿ ಹೇಳುವುದಿಲ್ಲ, ‘ಹ್ಯಾಂಡ್’ನಲ್ಲಿ ಹೇಳುತ್ತಾರೆ. ಮೊದಲು ಅದು ಅಳೆಯುವವನ ಅಂಗೈಯ ಅಗಲ. ಒಬ್ಬೊಬ್ಬನ ಅಂಗೈ ಒಂದೊಂದು ಅಳತೆ ಇರುವುದರಿಂದ ಎಂಟನೆಯ ಹೆನ್ರಿಯ ಕಾಲದಲ್ಲಿ ಅದನ್ನು ನಾಲ್ಕು ಇಂಚಿಗೆ ಕಟ್ಟಿಹಾಕಿದರು. ನೆಲದಿಂದ ತಲೆಯವರೆಗಲ್ಲ, ಕತ್ತು ಬೆನ್ನಿಗೆ ಸೇರುವ ಉಬ್ಬಿನವರೆಗೆ ಅಳೆಯುವುದು. ಕುದುರೆ ತಲೆ ಎತ್ತುತ್ತದೆ, ಇಳಿಸುತ್ತದೆ, ಆ ಉಬ್ಬು ಮಾತ್ರ ಅಲ್ಲೇ ಇರುತ್ತದೆ. ಬರೆಯುವ ಕ್ರಮದಲ್ಲಿ ಒಂದು ಮೋಸವಿದೆ. 15.2 ಎಂದು ಬರೆದಿದ್ದರೆ ಹದಿನೈದು ಹ್ಯಾಂಡ್ ಮತ್ತು ಎರಡು ಇಂಚು, ಅಂದರೆ 62 ಇಂಚು. ದಶಾಂಶ ಎಂದುಕೊಂಡು ಲೆಕ್ಕ ಹಾಕಿದವನು ಕುದುರೆಯನ್ನು ಗಿಡ್ಡ ಮಾಡುತ್ತಾನೆ. 15.3 ಆದಮೇಲೆ 15.4 ಬರುವುದಿಲ್ಲ, ನೇರ 16. ಮೊಳ, ಗೇಣು, ಮಾರು ಎಂದು ಮೈಯಿಂದಲೇ ಅಳೆದವರು ನಾವು. ಹೂವಾಡಗಿತ್ತಿಯ ಮೊಳ ಗಿಡ್ಡವಾಯಿತೆಂದು ಜಗಳವಾಡುವ ಗಿರಾಕಿಗೆ ಮಾತ್ರ ಹೆನ್ರಿಯ ಹಾಗೆ ಕಾನೂನು ಮಾಡಿಕೊಡುವವರು ಯಾರೂ ಇಲ್ಲ.

‘ಹ್ಯಾಂಡ್ಸ್ ಡೌನ್’ ಗೆದ್ದ ಎನ್ನುತ್ತಾರಲ್ಲ, ಅದು ರೇಸ್ ಮೈದಾನದ್ದು. ಹತ್ತೊಂಬತ್ತನೇ ಶತಮಾನದ ಮಾತು. ಗುರಿ ಹತ್ತಿರವಾಗಿ ಹಿಂದೆ ಯಾರೂ ಇಲ್ಲವೆಂದು ಖಾತ್ರಿಯಾದಾಗ ಜಾಕಿ ಲಗಾಮು ಸಡಿಲಬಿಟ್ಟು ಕೈ ಇಳಿಸುತ್ತಾನೆ. ಕುದುರೆಯನ್ನು ಇನ್ನು ಹುರಿದುಂಬಿಸುವ ಅಗತ್ಯವಿಲ್ಲ. ‘ಸುಲಭವಾಗಿ ಗೆದ್ದ’ ಎಂದು ಗೈಡಿನಲ್ಲಿ ಬರೆದಿರುತ್ತದೆ, ಆ ಇಳಿಸಿದ ಕೈ ಮಾತ್ರ ಅಲ್ಲಿರುವುದಿಲ್ಲ.

ನನಗೆ ಅತ್ಯಂತ ಸ್ವಾರಸ್ಯವೆನಿಸುವುದು ‘ಹ್ಯಾಂಡಿಕ್ಯಾಪ್’. ಟೋಪಿ ಹಿಡಿದು ಭಿಕ್ಷೆ ಬೇಡುವ ಅಂಗವಿಕಲರಿಂದ ಆ ಪದ ಬಂತೆಂಬ ಕಥೆಯನ್ನು ವಾಟ್ಸ್‌ಆ್ಯಪ್ ವಿದ್ವಾಂಸರು ಆಗಾಗ ಹರಿಬಿಡುತ್ತಾರೆ. ಅದು ಸುಳ್ಳು. ನಿಜವಾಗಿ ಅದು ‘ಹ್ಯಾಂಡ್ ಇನ್ ಕ್ಯಾಪ್’, ಟೋಪಿಯೊಳಗೆ ಕೈ ಹಾಕುವ ಒಂದು ಆಟ. ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್ ತನ್ನ ದಿನಚರಿಯಲ್ಲಿ 1660ರಲ್ಲಿ ತನಗೆ ಹೊಸದಾದ ಈ ಆಟ ಆಡಿದ್ದನ್ನು ದಾಖಲಿಸಿದ್ದಾನೆ. ಇಬ್ಬರು ತಮ್ಮ ಬಳಿ ಇರುವ ವಸ್ತುಗಳನ್ನು ಅದಲುಬದಲು ಮಾಡಿಕೊಳ್ಳಬೇಕು. ಒಬ್ಬನದು ಗಡಿಯಾರ, ಇನ್ನೊಬ್ಬನದು ಮೇಲಂಗಿ ಎಂದಿಟ್ಟುಕೊಳ್ಳಿ. ಮೂರನೆಯವನು ಮಧ್ಯಸ್ಥ. ಕಡಿಮೆ ಬೆಲೆಯ ವಸ್ತುವಿನವನು ಮೇಲೆ ಎಷ್ಟು ಹಣ ಕೂಡಿಸಿ ಕೊಡಬೇಕೆಂದು ಅವನು ಹೇಳುತ್ತಾನೆ. ಮೂವರೂ ಟೋಪಿಯಲ್ಲಿ ಅಷ್ಟಷ್ಟು ಪಣದ ಹಣ ಹಾಕಿರುತ್ತಾರೆ. ಆಮೇಲೆ ಇಬ್ಬರೂ ಟೋಪಿಯೊಳಗೆ ಕೈ ಹಾಕಿ ಒಟ್ಟಿಗೇ ಹೊರತೆಗೆಯಬೇಕು. ಕೈಯಲ್ಲಿ ನಾಣ್ಯವಿದೆಯೋ ಇಲ್ಲವೋ ಎನ್ನುವುದೇ ಒಪ್ಪಿಗೆಯ ಗುರುತು. ಇಬ್ಬರೂ ಒಪ್ಪಿದರೆ ಅಥವಾ ಇಬ್ಬರೂ ನಿರಾಕರಿಸಿದರೆ ಪಣದ ಹಣ ಮಧ್ಯಸ್ಥನಿಗೆ. ಒಬ್ಬ ಒಪ್ಪಿ ಇನ್ನೊಬ್ಬ ಬೇಡವೆಂದರೆ ಹಣ ಒಪ್ಪಿದವನಿಗೆ. ಹೀಗಾಗಿ ಮಧ್ಯಸ್ಥನಿಗೆ ಎರಡೂ ಕಡೆಗೆ ತೂಗುವ ಬೆಲೆ ಕಟ್ಟುವುದೇ ಲಾಭ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಟವೆಲ್ಲಿನೊಳಗೆ ಬೆರಳು ಹಿಡಿದು ಎತ್ತಿನ ಜೋಡಿಗೆ ಬೆಲೆ ಕುದುರಿಸುವ ದಲ್ಲಾಳಿಗಳನ್ನು ಕಂಡವರಿಗೆ ಈ ಆಟದ ನಾಡಿ ಚೆನ್ನಾಗಿ ಸಿಗುತ್ತದೆ. ಅಲ್ಲೂ ಕೈ ಮುಚ್ಚಿಯೇ ಇರುತ್ತದೆ, ಮಾತೆಲ್ಲ ಬೆರಳಿನದೇ.

ಹದಿನೆಂಟನೇ ಶತಮಾನದಲ್ಲಿ ಈ ಮಧ್ಯಸ್ಥನನ್ನು ರೇಸಿಗೆ ಕರೆದುಕೊಂಡು ಹೋದರು. ಬಲವಾದ ಕುದುರೆ ಬಡ ಕುದುರೆಯ ಜೊತೆ ಓಡಿದರೆ ಬಾಜಿ ಕಟ್ಟುವವರಿಗೆ ಏನು ಮಜಾ? ಬಲವಾದದ್ದು ಎಷ್ಟು ಹೆಚ್ಚು ಭಾರ ಹೊರಬೇಕೆಂದು ಮಧ್ಯಸ್ಥ ತೀರ್ಮಾನಿಸಿದ. ಆ ಭಾರಕ್ಕೆ ಹ್ಯಾಂಡಿಕ್ಯಾಪ್ ಎಂದರು. ಗಮನಿಸಿ, ಹ್ಯಾಂಡಿಕ್ಯಾಪ್ ಹೊರುತ್ತಿದ್ದದ್ದು ಎಲ್ಲರಿಗಿಂತ ಒಳ್ಳೆಯ ಕುದುರೆ. ಬೆಂಗಳೂರು, ಮೈಸೂರಿನ ರೇಸ್ ಪುಸ್ತಕಗಳಲ್ಲಿ ಆ ಪದಕ್ಕೆ ಇವತ್ತಿಗೂ ಅದೇ ಅರ್ಥ. ಭಾರ ಎಂಬುದು ಮುಂದೆ ‘ಅಡಚಣೆ’ಯಾಗಿ, ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮನುಷ್ಯರ ಮೈಮೇಲೆ ಬಂದು ಕೂತಿತು. ನಮ್ಮ ಸರ್ಕಾರಿ ಅರ್ಜಿಗಳಲ್ಲಿ ‘ಪಿಎಚ್’, ಅಂದರೆ ಫಿಸಿಕಲಿ ಹ್ಯಾಂಡಿಕ್ಯಾಪ್ಡ್, ಎಂಬ ಎರಡಕ್ಷರವಾಗಿ ದಶಕಗಳ ಕಾಲ ಕಾಡಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಇಂಗ್ಲಿಷ್ ಹೆಸರಿನಲ್ಲಿ ಈಗ ಆ ಪದವಿಲ್ಲ. ಹೋಗಿದ್ದು ಒಳ್ಳೆಯದೇ. ನ್ಯಾಯ ತೂಗುವ ಆಟದಲ್ಲಿ ಹುಟ್ಟಿದ ಪದ ಕೊನೆಗೆ ಅವಮಾನವಾಗಿ ನಿಂತಿತ್ತು.

ಹಡಗಿನಲ್ಲಿ ಮನುಷ್ಯನೇ ಕೈ. ಬಿರುಗಾಳಿ ಬಂದಾಗ ‘ಆಲ್ ಹ್ಯಾಂಡ್ಸ್ ಆನ್ ಡೆಕ್’ ಎಂದು ಕೂಗಿದರೆ ನಿದ್ದೆಯಲ್ಲಿದ್ದವರೂ ಎದ್ದು ಅಟ್ಟಕ್ಕೆ ಬರಬೇಕು. ಹಗ್ಗ ಎಳೆಯಲು, ಹಾಯಿ ಇಳಿಸಲು ಎಷ್ಟು ಕೈಗಳಿವೆ ಎನ್ನುವುದಷ್ಟೇ ಅಲ್ಲಿನ ಲೆಕ್ಕ. ಹಡಗು ಮುಳುಗಿದ ವರದಿಯಲ್ಲೂ ‘ಎಲ್ಲ ಹ್ಯಾಂಡ್‌ಗಳೊಂದಿಗೆ ಮುಳುಗಿತು’ ಎಂದೇ ಬರೆಯುತ್ತಿದ್ದರು. ಒಬ್ಬರೂ ಬದುಕುಳಿಯಲಿಲ್ಲ ಎಂದು ಅದರ ಅರ್ಥ. ಈಗ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಮೂರು ತಿಂಗಳಿಗೊಮ್ಮೆ ‘ಆಲ್ ಹ್ಯಾಂಡ್ಸ್ ಮೀಟಿಂಗ್’ ನಡೆಯುತ್ತದೆ. ಬಿರುಗಾಳಿ ಇರುವುದಿಲ್ಲ, ಸಮೋಸ ಇರುತ್ತದೆ. ಕೆಲವೊಮ್ಮೆ ಆ ಮೀಟಿಂಗಿನಲ್ಲೇ ಇಂತಿಷ್ಟು ಜನ ಕೆಲಸ ಬಿಡಬೇಕಾಗುತ್ತದೆ ಎಂಬ ಸುದ್ದಿಯೂ ಬರುತ್ತದೆ. ಆಗ ಹಳೆಯ ನಾವಿಕರ ಅರ್ಥ ನೆನಪಾದರೆ ತಪ್ಪೇನಿಲ್ಲ.

ಹೊಲದಲ್ಲಿ ‘ಫಾರ್ಮ್ ಹ್ಯಾಂಡ್’, ನಾಟಕ ಮಂದಿರದಲ್ಲಿ ‘ಸ್ಟೇಜ್ ಹ್ಯಾಂಡ್’, ಗಿರಣಿಯಲ್ಲಿ ‘ಮಿಲ್ ಹ್ಯಾಂಡ್’. ಈ ಕೊನೆಯದು ಕಾದಂಬರಿಕಾರ ಡಿಕನ್ಸ್‌ಗೆ ಸಿಟ್ಟು ತರಿಸಿತು. ಇಂಗ್ಲೆಂಡಿನ ಲ್ಯಾಂಕಾಶೈರಿನ ಪ್ರೆಸ್ಟನ್ ಪಟ್ಟಣದ ಹತ್ತಿ ಗಿರಣಿಗಳಲ್ಲಿ ಹತ್ತು ಪರ್ಸೆಂಟ್ ಕೂಲಿ ಹೆಚ್ಚಳದ ವಿಷಯದಲ್ಲಿ ಕಾರ್ಮಿಕರೂ ಮಾಲೀಕರೂ ಪಟ್ಟು ಹಿಡಿದು ಗಿರಣಿಗಳು ತಿಂಗಳುಗಟ್ಟಲೆ ಬಾಗಿಲು ಹಾಕಿದ್ದವು. 1854ರ ಜನವರಿಯಲ್ಲಿ ಡಿಕನ್ಸ್ ಅಲ್ಲಿಗೆ ಹೋಗಿ ನೋಡಿ ಬಂದ. ಅದೇ ವರ್ಷ ತನ್ನದೇ ವಾರಪತ್ರಿಕೆಯಲ್ಲಿ ‘ಹಾರ್ಡ್ ಟೈಮ್ಸ್’ ಧಾರಾವಾಹಿಯಾಗಿ ಬಂತು. ಅದರ ಕೋಕ್‌ಟೌನಿನಲ್ಲಿ ಕಾರ್ಮಿಕರಿಗೆ ‘ಹ್ಯಾಂಡ್ಸ್’ ಎಂದೇ ಹೆಸರು, ಅದೂ ದೊಡ್ಡಕ್ಷರದ ಎಚ್ ಹಾಕಿ. ಈ ಜನಕ್ಕೆ ಹೊಟ್ಟೆಯೂ ಇಲ್ಲದೆ ಬರೀ ಕೈ ಮಾತ್ರ ಇದ್ದಿದ್ದರೆ ಮಾಲೀಕರಿಗೆ ಎಷ್ಟು ಅನುಕೂಲವಾಗುತ್ತಿತ್ತು ಎಂಬ ವ್ಯಂಗ್ಯ ಆ ಕಾದಂಬರಿಯುದ್ದಕ್ಕೂ ಚುಚ್ಚುತ್ತದೆ. ನಮ್ಮಲ್ಲೂ ‘ನಾಳೆ ನಾಟಿಗೆ ಹತ್ತಾಳು ಬೇಕು’ ಎನ್ನುತ್ತಾರೆ. ಆಳು ಎಂದರೂ ಎಣಿಕೆಯೇ, ಆದರೆ ಎಣಿಸಿದ್ದು ಇಡೀ ಮನುಷ್ಯನನ್ನು. ಅಷ್ಟರಮಟ್ಟಿಗೆ ಕನ್ನಡದ ಗೌಡ ಲ್ಯಾಂಕಾಶೈರಿನ ಸಾಹುಕಾರನಿಗಿಂತ ವಾಸಿ, ಕೂಲಿಯ ವಿಷಯ ಬೇರೆ.

ಗಿರಣಿಯ ಕೈಗಳು ಎಲ್ಲರಿಗೂ ಕಾಣುತ್ತಿದ್ದವು. ಅರ್ಥಶಾಸ್ತ್ರಜ್ಞರು ಹೆಚ್ಚು ಮಾತಾಡಿದ್ದು ಕಾಣದ ಕೈಯ ಬಗ್ಗೆ. ಪಿಯುಸಿ ಅರ್ಥಶಾಸ್ತ್ರ ಓದಿದವರಿಗೆ ಆಡಂ ಸ್ಮಿತ್‌ನ ‘ಅದೃಶ್ಯ ಹಸ್ತ’ ಗೊತ್ತು. ಪ್ರತಿಯೊಬ್ಬನೂ ತನ್ನ ಲಾಭವನ್ನೇ ನೋಡಿಕೊಂಡರೂ ಒಟ್ಟಾರೆ ಸಮಾಜಕ್ಕೆ ಒಳಿತಾಗುವಂತೆ ಯಾವುದೋ ಕೈ ನಡೆಸುತ್ತದೆ ಎಂಬ ಮಾತು. ಅದರ ಮೇಲೆ ಇಷ್ಟೆಲ್ಲ ಗ್ರಂಥಗಳು ಬಂದಿವೆ, ಸ್ಮಿತ್ ಮಾತ್ರ ತನ್ನ ಬರಹಗಳಲ್ಲೆಲ್ಲ ಆ ಮಾತನ್ನು ಬಳಸಿದ್ದು ಮೂರೇ ಸಲ. 1759ರ ನೀತಿಶಾಸ್ತ್ರದ ಗ್ರಂಥದಲ್ಲಿ ಒಮ್ಮೆ, 1776ರ ‘ವೆಲ್ತ್ ಆಫ್ ನೇಷನ್ಸ್’ನಲ್ಲಿ ಒಮ್ಮೆ, ಸತ್ತ ಮೇಲೆ ಪ್ರಕಟವಾದ ಖಗೋಳ ಚರಿತ್ರೆಯ ಪ್ರಬಂಧದಲ್ಲಿ ಒಮ್ಮೆ. ಈ ಕೊನೆಯ ಕಡೆ ಅದು ಮಾರುಕಟ್ಟೆಯ ಕೈಯಲ್ಲ, ಜೂಪಿಟರ್ ದೇವರ ಕೈ. ಕನ್ನಡ ಪತ್ರಿಕೆಗಳು ಸ್ಮಿತ್‌ನನ್ನು ತಲೆಕೆಳಗು ಮಾಡಿವೆ. ‘ಈ ಹಗರಣದ ಹಿಂದೆ ಕಾಣದ ಕೈಗಳ ಕೈವಾಡವಿದೆ’ ಎಂದು ಓದಿದವರಾರೂ ಸಮಾಜಕ್ಕೆ ಒಳಿತಾಗುತ್ತದೆ ಎಂದು ಸಮಾಧಾನಪಟ್ಟುಕೊಳ್ಳುವುದಿಲ್ಲ. ಈ ‘ಕೈವಾಡ’ ಇಂಗ್ಲಿಷಿನ ‘ಹ್ಯಾವಿಂಗ್ ಎ ಹ್ಯಾಂಡ್ ಇನ್ ಇಟ್’ ಎಂಬುದಕ್ಕೆ ಹೇಳಿ ಮಾಡಿಸಿದ ಜೋಡಿ. ಅರ್ಥಶಾಸ್ತ್ರಜ್ಞರ ಇನ್ನೊಂದು ಚಟ ‘ಆನ್ ದಿ ಒನ್ ಹ್ಯಾಂಡ್, ಆನ್ ದಿ ಅದರ್ ಹ್ಯಾಂಡ್’ ಎಂದು ಎರಡೂ ಕಡೆ ಮಾತಾಡುವುದು. ಅದಕ್ಕೆ ರೋಸಿದ ಅಮೆರಿಕದ ಅಧ್ಯಕ್ಷ ಟ್ರೂಮನ್, ಒಂದೇ ಕೈಯ ಅರ್ಥಶಾಸ್ತ್ರಜ್ಞನನ್ನು ಕೊಡಿ ಎಂದು ಕೇಳಿದನೆಂಬ ಜೋಕು ಆ ವಲಯದಲ್ಲಿ ಸವೆದುಹೋಗುವಷ್ಟು ಚಲಾವಣೆಯಲ್ಲಿದೆ.

ಚಿಲ್ಲರೆ ಅರ್ಥಗಳನ್ನು ಬೇಗ ಮುಗಿಸುತ್ತೇನೆ. ಗಡಿಯಾರದ ಮುಳ್ಳು ಇಂಗ್ಲಿಷಿನವರಿಗೆ ಹ್ಯಾಂಡ್. ಇಸ್ಪೀಟಿನಲ್ಲಿ ಒಬ್ಬನಿಗೆ ಹಂಚಿದ ಎಲೆಗಳಿಗೂ ಹ್ಯಾಂಡ್. ಗುಟ್ಟು ಬಿಟ್ಟುಕೊಟ್ಟವನು ‘ಹ್ಯಾಂಡ್ ತೋರಿಸಿದ’. ಬಾಳೆಹಣ್ಣಿನ ವ್ಯಾಪಾರದಲ್ಲಿ ಗೊನೆಯ ಒಂದು ಚಿಪ್ಪು ಹ್ಯಾಂಡ್, ಅದರ ಒಂದೊಂದು ಹಣ್ಣು ಫಿಂಗರ್. ಬರವಣಿಗೆಯೂ ಹ್ಯಾಂಡ್, ಅದನ್ನು ಗಿಡ್ಡ ಮಾಡಿದ ‘ಶಾರ್ಟ್‌ಹ್ಯಾಂಡ್’ಗೆ ಐಸಾಕ್ ಪಿಟ್‌ಮನ್ 1837ರಲ್ಲಿ ತನ್ನ ಪದ್ಧತಿ ಕೊಟ್ಟ, ಆಮೇಲೆ ನಮ್ಮ ಎಷ್ಟೋ ಗುಮಾಸ್ತರ ಮನೆಯ ಒಲೆ ಅದರಿಂದಲೇ ಉರಿಯಿತು. ‘ಹ್ಯಾಂಡ್ಸಮ್’ ಎಂದರೆ ಮೊದಲು ಕೈಗೆ ಒಗ್ಗುವಂಥದ್ದು, ಸಲೀಸಾಗಿ ಬಳಸಬಹುದಾದದ್ದು ಎಂದರ್ಥ. ವಧು-ವರರ ಜಾಹೀರಾತಿನಲ್ಲಿ ಆ ಪದ ಹಾಕಿಸುವವರು ಯಾವ ಅರ್ಥದಲ್ಲಿ ಹಾಕಿಸುತ್ತಾರೋ ಹೆಣ್ಣಿನ ಕಡೆಯವರೇ ವಿಚಾರಿಸಿಕೊಳ್ಳಬೇಕು. ‘ಹ್ಯಾಂಡ್‌ಕರ್ಚೀಫ್’ ಬಿಡಿಸಿದರೆ ಇನ್ನೂ ತಮಾಷೆ. ‘ಕರ್ಚೀಫ್’ ಎಂದರೆ ಫ್ರೆಂಚಿನಲ್ಲಿ ತಲೆ ಮುಚ್ಚುವ ಬಟ್ಟೆ. ಅದು ಕೈಗೆ ಇಳಿದದ್ದರಿಂದ ಕೈ-ತಲೆ-ಮುಸುಕು ಆಯಿತು. ನಾವು ಕೈಯನ್ನು ಬಿಟ್ಟು ಮತ್ತೆ ‘ಕರ್ಚೀಫು’ ಮಾಡಿಕೊಂಡೆವು.

ಪಟ್ಟಿ ಉರುಹೊಡೆದ ಕನ್ನಡಿಗ ಎಡವುವುದು ಎಲ್ಲಿ ಗೊತ್ತೆ? ಎರಡೂ ಭಾಷೆಯಲ್ಲಿ ಕೈ ಇದ್ದು, ಆ ಕೈ ಮಾಡುವ ಕೆಲಸ ಬೇರೆಯಾದಾಗ. ‘ಗಿವ್ ಮಿ ಎ ಹ್ಯಾಂಡ್’ ಎಂದರೆ ಸ್ವಲ್ಪ ಸಹಾಯ ಮಾಡು. ‘ಅವನು ಕೈ ಕೊಟ್ಟ’ ಎಂದರೆ ನಡುನೀರಿನಲ್ಲಿ ಬಿಟ್ಟುಹೋದ. ಬೈಕ್ ಕೈ ಕೊಡುತ್ತದೆ, ಮಳೆ ಕೈ ಕೊಡುತ್ತದೆ, ಪಂಪ್‌ಸೆಟ್ಟು ಕೈ ಕೊಡುತ್ತದೆ, ಪ್ರೀತಿಸಿದ ಹುಡುಗ ಕೈ ಕೊಡುತ್ತಾನೆ. ತಡವಾಗಿ ಬಂದವನು ಸಾಹೇಬರ ಮುಂದೆ ‘ಮೈ ಬೈಕ್ ಗೇವ್ ಹ್ಯಾಂಡ್ ಸರ್’ ಎಂದನೆಂಬುದು ನಮ್ಮ ಕಾಲೇಜುಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ದಾಟುತ್ತಿರುವ ನಗೆಹನಿ. ಇಂಗ್ಲಿಷಿನವನು ಕೈ ಎತ್ತಿದರೆ ಅನುಮತಿ ಕೇಳುತ್ತಿದ್ದಾನೆ, ಇಲ್ಲವೆ ಮತ ಹಾಕುತ್ತಿದ್ದಾನೆ; ಕನ್ನಡದ ಗುತ್ತಿಗೆದಾರ ಕೈ ಎತ್ತಿದರೆ ಮನೆ ಅರ್ಧಕ್ಕೆ ನಿಂತಿತು ಎಂದೇ ಲೆಕ್ಕ. ‘ಹ್ಯಾಂಡ್’ ದೊಡ್ಡದಾದರೆ ಅಲ್ಲಿ ಜೋರು ಚಪ್ಪಾಳೆ, ಇಲ್ಲಿ ‘ದೊಡ್ಡ ಕೈ’ ಎಂದರೆ ಧಾರಾಳಿ, ಸಂದರ್ಭ ನೋಡಿಕೊಂಡು ಘಟಾನುಘಟಿ ಕಳ್ಳ. ಕೈ ತೊಳೆದುಕೊಳ್ಳುವುದರಲ್ಲಿ ಮಾತ್ರ ಇಬ್ಬರೂ ಹತ್ತಿರ ಬರುತ್ತಾರೆ. ಬೈಬಲಿನಲ್ಲಿ ಯೇಸುವಿಗೆ ಮರಣದಂಡನೆಯಾಗುವಾಗ ಪಿಲಾತ ಜನರೆದುರು ನೀರು ತರಿಸಿ ಕೈ ತೊಳೆದುಕೊಂಡ, ಇದರ ಹೊಣೆ ನನ್ನದಲ್ಲ ಎಂದು ತೋರಿಸಲು. ‘ನೋಟಿಸ್ ಕೊಟ್ಟು ಕೈ ತೊಳೆದುಕೊಂಡ ಪಾಲಿಕೆ’ ಎಂಬ ನಮ್ಮ ತಲೆಬರಹದ ಅಧಿಕಾರಿಗಳು ಅವನ ವಂಶದವರೇ.

ತಲೆಬರಹ ಎಂದಾಗ ಕನ್ನಡದ ಸುದ್ದಿಮನೆಗಳ ಮಾತು ಬಿಡಲಾಗದು. 1978ರಲ್ಲಿ ಇಂದಿರಾ ಗಾಂಧಿಯವರ ಕಾಂಗ್ರೆಸ್ಸಿಗೆ ಹಸು-ಕರುವಿನ ಜಾಗದಲ್ಲಿ ಹಸ್ತದ ಗುರುತು ಬಂತು. ಅದೇ ವರ್ಷದ ನವೆಂಬರಿನಲ್ಲಿ ಅವರು ಚಿಕ್ಕಮಗಳೂರಿನ ಉಪಚುನಾವಣೆ ಗೆದ್ದರು. ಅಂದಿನಿಂದ ಉಪಸಂಪಾದಕರಿಗೆ ಹಬ್ಬ. ಕೈಗೆ ಕೈ ಕೊಟ್ಟ ಮತದಾರ, ಕೈ ಹಿಡಿದ ಕರಾವಳಿ, ಕೈ ತಪ್ಪಿದ ಟಿಕೆಟ್, ಕೈ ಪಾಳಯದಲ್ಲಿ ಕೈಕೈ ಮಿಲಾಯಿಸಿದ ಬಣಗಳು. ನಾಲ್ಕು ಪದದ ತಲೆಬರಹದಲ್ಲಿ ಎರಡು ಕೈ ಇದ್ದು, ಒಂದು ಪಕ್ಷ, ಒಂದು ಕ್ರಿಯಾಪದ. ಯಾವ ಓದುಗನೂ ಗೊಂದಲಪಡುವುದಿಲ್ಲ. ಇದನ್ನು ಇಂಗ್ಲಿಷಿಗೆ ತಿರುಗಿಸಲು ಯಂತ್ರಗಳಿಗೆ ಕೊಟ್ಟು ನೋಡಿ, ಒಳ್ಳೆಯ ಕಾಲಕ್ಷೇಪ.

ಬಲಗೈ, ಎಡಗೈಗಳ ಕಥೆ ಮಾತ್ರ ನಗುವಂಥದ್ದಲ್ಲ. ಇಂಗ್ಲಿಷಿನಲ್ಲಿ ನಂಬಿಕಸ್ಥನು ‘ರೈಟ್ ಹ್ಯಾಂಡ್’, ನಮ್ಮ ಬಲಗೈ ಬಂಟ. ಹೊಗಳಿದಂತೆ ಮಾಡಿ ಚುಚ್ಚುವುದು ‘ಲೆಫ್ಟ್ ಹ್ಯಾಂಡೆಡ್’ ಹೊಗಳಿಕೆ. ಎಡಗೈಯವರು ಎರಡು ಭಾಷೆಯಲ್ಲೂ ಅನ್ಯಾಯವನ್ನೇ ಉಂಡಿದ್ದಾರೆ. ದಕ್ಷಿಣ ಭಾರತದಲ್ಲಿ ಬಲಗೈ-ಎಡಗೈ ಜಾತಿಗಳ ಗುಂಪುಗಳ ಹೆಸರಾದವು. 18ನೇ ಶತಮಾನದ ಮದ್ರಾಸಿನಲ್ಲಿ ಈ ಎರಡು ಗುಂಪುಗಳ ಜಗಳ ಬಿಡಿಸಲು ಹೆಣಗಿದ ಈಸ್ಟ್ ಇಂಡಿಯಾ ಕಂಪನಿಯವರು ಅವನ್ನು ಇಂಗ್ಲಿಷಿನ ರೈಟ್ ಹ್ಯಾಂಡ್, ಲೆಫ್ಟ್ ಹ್ಯಾಂಡ್ ಎಂದೇ ದಾಖಲೆಗೆ ಇಳಿಸಿದರು. ಕರ್ನಾಟಕದಲ್ಲಿ ಒಳಮೀಸಲಾತಿಯ ಚರ್ಚೆಯಲ್ಲಿ ಇವತ್ತಿಗೂ ಎಡಗೈ, ಬಲಗೈ ಎಂಬ ಪದಗಳಿಗೆ ಪೂರ್ತಿ ಜೀವವಿದೆ. ಮೈಯ ಒಂದು ಅಂಗದ ಹೆಸರು ಮನುಷ್ಯರನ್ನು ಎಣಿಸಿ ವಿಂಗಡಿಸುವುದಕ್ಕೆ ಬಳಕೆಯಾದದ್ದು ಲ್ಯಾಂಕಾಶೈರಿನ ಗಿರಣಿಯಲ್ಲಿ ಮಾತ್ರವಲ್ಲ.

ಮಾತಿನ ಸಾಗಣೆ ಬರೀ ಇಂಗ್ಲಿಷಿನಿಂದ ನಮ್ಮ ಕಡೆಗೆ ಅಂದುಕೊಳ್ಳಬೇಡಿ. ‘ಹ್ಯಾಂಡ್ ಲೋನ್’ ಎಂಬ ಪದವನ್ನು ಲಂಡನ್ನಿನ ಬ್ಯಾಂಕಿನಲ್ಲಿ ಹೇಳಿ ನೋಡಿ, ಯಾರಿಗೂ ತಿಳಿಯುವುದಿಲ್ಲ. ಅದು ನಮ್ಮ ಕೈಗಡ, ಕೈಸಾಲ. ಪತ್ರವಿಲ್ಲ, ಸಾಕ್ಷಿಯಿಲ್ಲ, ಅಡವಿಲ್ಲ. ಗುರುತಿನವರು ಅವಸರಕ್ಕೆ ಕೈಯಿಂದ ಕೈಗೆ ಕೊಟ್ಟ ದುಡ್ಡು. ಮಗಳ ಫೀಸು, ಆಸ್ಪತ್ರೆಯ ಬಿಲ್ಲು, ಬೋರ್‌ವೆಲ್ಲು. ಹೀಗೆ ಕೊಟ್ಟ ಸಾಲಕ್ಕೆ ಪಡೆದ ಚೆಕ್ಕು ಬೌನ್ಸ್ ಆದಾಗ ವಿಷಯ ಕೋರ್ಟಿಗೆ ಬರುತ್ತದೆ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಕೆಳಗೆ ನಮ್ಮ ವಕೀಲರು ಹಾಕುವ ಇಂಗ್ಲಿಷ್ ದೂರುಗಳಲ್ಲಿ ‘ಹ್ಯಾಂಡ್ ಲೋನ್’ ಇಲ್ಲದ ಪುಟ ಅಪರೂಪ. ಉಚ್ಚ ನ್ಯಾಯಾಲಯದ ತೀರ್ಪುಗಳಲ್ಲೂ ಅದು ಸಲೀಸಾಗಿ ಓಡಾಡುತ್ತದೆ. ಕೆಲಸಕ್ಕೆ ಸೇರುವ ಹುಡುಗರ ‘ಇನ್‌ಹ್ಯಾಂಡ್ ಎಷ್ಟು?’ ಎಂಬ ಪ್ರಶ್ನೆಯೂ ಈ ಜಾತಿಯದೇ. ಬ್ರಿಟಿಷರು ‘ಟೇಕ್ ಹೋಮ್’ ಎನ್ನುವ ಕಡೆ ನಮ್ಮವರು ‘ಕೈಗೆ ಎಷ್ಟು ಬರುತ್ತೆ’ ಎನ್ನುವುದನ್ನೇ ಇಂಗ್ಲಿಷಿನಲ್ಲಿ ಕೇಳುತ್ತಾರೆ. ಇಂಥವನ್ನು ತಪ್ಪು ಇಂಗ್ಲಿಷ್ ಎಂದು ಕೆಂಪು ಶಾಯಿಯಲ್ಲಿ ಹೊಡೆದು ಹಾಕುವ ಮೇಷ್ಟ್ರುಗಳ ಜೊತೆ ನನಗೆ ತಕರಾರಿದೆ. ಹಡಗಿನವನಿಗೂ ಜಾಕಿಗೂ ತಮ್ಮ ಕಸುಬಿನಿಂದ ಒಂದು ಮಾತು ಸೇರಿಸುವ ಹಕ್ಕಿದ್ದರೆ, ಚೆಕ್ ಬೌನ್ಸಾಗಿ ಕೋರ್ಟಿಗೆ ಅಲೆಯುವ ಮಂಡ್ಯದ ಸಾಲಗಾರನಿಗೇಕೆ ಇರಬಾರದು?

ಆಟದ ಮೈದಾನಕ್ಕೆ ಬಂದು ಮುಗಿಸುತ್ತೇನೆ. ಫುಟ್‌ಬಾಲಿನ ಕೈ ಎಂದರೆ ಮರಡೋನಾ. 1986ರ ಜೂನ್ 22, ಮೆಕ್ಸಿಕೊ ಸಿಟಿಯ ಅಜ್ಟೆಕಾ ಕ್ರೀಡಾಂಗಣ, ಇಂಗ್ಲೆಂಡ್ ವಿರುದ್ಧ ವಿಶ್ವಕಪ್ ಕ್ವಾರ್ಟರ್ ಫೈನಲ್. ಮುಷ್ಟಿಯಿಂದ ತಳ್ಳಿದ ಗೋಲನ್ನು ಅವನೇ ಸ್ವಲ್ಪ ತನ್ನ ತಲೆಗೂ ಸ್ವಲ್ಪ ದೇವರ ಕೈಗೂ ಹಂಚಿದ್ದು ಜಗತ್ತಿಗೇ ಗೊತ್ತು. ಕ್ರಿಕೆಟ್ಟಿನ ಕೈ ಇನ್ನೂ ಸೂಕ್ಷ್ಮ. ನಿಯಮದ ಪ್ರಕಾರ ಬ್ಯಾಟು ಹಿಡಿದ ಕೈ ಬ್ಯಾಟಿನ ಭಾಗ. ಗ್ಲೌಸಿಗೆ ತಾಗಿದ ಚೆಂಡು ಹಿಡಿದರೆ ಕ್ಯಾಚ್. ಬ್ಯಾಟಿನಿಂದ ಬೇರ್ಪಟ್ಟ ಕ್ಷಣದಿಂದ ಅದು ಬರೀ ಕೈ, ಎದುರಾಳಿಯ ಒಪ್ಪಿಗೆಯಿಲ್ಲದೆ ಆ ಕೈಯಿಂದ ಬೇಕೆಂದೇ ಚೆಂಡು ಮುಟ್ಟಿದರೆ ಔಟ್. ಇದಕ್ಕೆ ‘ಹ್ಯಾಂಡಲ್ಡ್ ದ ಬಾಲ್’ ಎಂಬ ಬೇರೆ ಹೆಸರೇ ಇತ್ತು. ಟೆಸ್ಟ್ ಚರಿತ್ರೆಯಲ್ಲಿ ಆ ಹೆಸರಿನಲ್ಲಿ ಔಟಾದವರು ಏಳೇ ಮಂದಿ. ದಕ್ಷಿಣ ಆಫ್ರಿಕಾದ ರಸೆಲ್ ಎಂಡೀನ್ 1957ರಲ್ಲಿ ಮೊದಲಿಗ. ಏಳರಲ್ಲಿ ಮೂರು ಭಾರತದ ನೆಲದಲ್ಲೇ ನಡೆದವು: 1983ರಲ್ಲಿ ಮುಂಬೈಯಲ್ಲಿ ಡೆಸ್ಮಂಡ್ ಹೇನ್ಸ್, 2001ರ ಮಾರ್ಚಿನಲ್ಲಿ ಚೆನ್ನೈಯಲ್ಲಿ ಸ್ಟೀವ್ ವಾ, ಅದೇ ವರ್ಷ ಡಿಸೆಂಬರಿನಲ್ಲಿ ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಇಂಗ್ಲೆಂಡಿನ ಮೈಕೆಲ್ ವಾನ್. ಸರಣ್‌ದೀಪ್ ಸಿಂಗ್ ಎಸೆತಕ್ಕೆ ಸ್ವೀಪ್ ಮಾಡಲು ಹೋಗಿ, ಕಾಲಬುಡದಲ್ಲಿ ಉಳಿದ ಚೆಂಡನ್ನು ವಾನ್ ಕೈಯಿಂದ ಸರಿಸಿದ. ಭಾರತದವರು ಮನವಿ ಮಾಡಿದರು, 64 ರನ್ನಿಗೆ ಅವನು ಹೊರನಡೆದ.

2017ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಹೊಸ ನಿಯಮಾವಳಿ ಆ ಔಟನ್ನು ‘ಅಬ್‌ಸ್ಟ್ರಕ್ಟಿಂಗ್ ದ ಫೀಲ್ಡ್’, ಅಂದರೆ ಕ್ಷೇತ್ರರಕ್ಷಣೆಗೆ ಅಡ್ಡಿ ಎಂಬುದರೊಳಗೆ ಸೇರಿಸಿತು. 2023ರ ಡಿಸೆಂಬರಿನಲ್ಲಿ ಮೀರ್‌ಪುರದಲ್ಲಿ ಬಾಂಗ್ಲಾದೇಶದ ಮುಶ್ಫಿಕುರ್ ರಹೀಂ ನ್ಯೂಜಿಲೆಂಡ್ ವಿರುದ್ಧ ಥೇಟ್ ಹಾಗೆಯೇ ಚೆಂಡನ್ನು ಕೈಯಿಂದ ತಳ್ಳಿ ಔಟಾದಾಗ ಸ್ಕೋರ್‌ಕಾರ್ಡಿನಲ್ಲಿ ಬಂದದ್ದು ಈ ಹೊಸ ಹೆಸರು. ಹೀಗಾಗಿ ಟೆಸ್ಟ್ ಕ್ರಿಕೆಟ್ಟಿನಲ್ಲಿ ‘ಹ್ಯಾಂಡಲ್ಡ್ ದ ಬಾಲ್’ ಎಂದು ಕೊನೆಯ ಸಲ ಬರೆದುಕೊಂಡದ್ದು ಬೆಂಗಳೂರಿನಲ್ಲಿ.